ಆರ್ಡರ್ ಬೈ: ಕ್ವೆರಿ ಫಲಿತಾಂಶವನ್ನು ವಿಂಗಡಿಸುವ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉದಾಹರಣೆಗಳು ಬಹುಪಾಲು ಒಂದೇ ಟೇಬಲ್‌ನವು. ಹತ್ತನೇ ತರಗತಿ ಪರೀಕ್ಷೆಯ ಫಲಿತಾಂಶ ಇರುವ ಆ ಟೇಬಲ್‌ನ ಹೆಸರು ‘ವಿದ್ಯಾರ್ಥಿ’. ಅದರಲ್ಲಿ ನೋಂದಣಿ ಸಂಖ್ಯೆ, ಹೆಸರು, ಊರು, ಜಿಲ್ಲೆ, ಹುಟ್ಟಿದ ದಿನ ಮತ್ತು 625ಕ್ಕೆ ಪಡೆದ ಅಂಕ ಎಂಬ ಕಾಲಂಗಳಿವೆ. ಡೇಟಾಬೇಸಿಗೆ ಪ್ರಶ್ನೆ, ಅಂದರೆ ಕ್ವೆರಿ, ಕೇಳುವ ಭಾಷೆ ಎಸ್‌ಕ್ಯುಎಲ್; ಅದರಲ್ಲಿ ಸಾಲುಗಳು ಯಾವ ಕ್ರಮದಲ್ಲಿ ಬರಬೇಕೆಂದು ಹೇಳುವ ಭಾಗವೇ ಆರ್ಡರ್ ಬೈ. ಎಸ್‌ಕ್ಯುಎಲ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ; ಕಂಪ್ಯೂಟರಿಗೆ ಕೊಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ವಿಂಗಡಣೆಯಲ್ಲಿ ಆಗುವ ತಪ್ಪುಗಳು ಸಾಮಾನ್ಯವಾಗಿ ದೋಷಸಂದೇಶ ಕೊಡುವುದಿಲ್ಲ. ಪಟ್ಟಿ ಬರುತ್ತದೆ, ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ, ಯಾರೋ ಒಬ್ಬ ವಿದ್ಯಾರ್ಥಿಯ ಸ್ಥಾನ ಮಾತ್ರ ಏರುಪೇರಾಗಿರುತ್ತದೆ. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆದಿದ್ದೇನೆ.

ಆರ್ಡರ್ ಬೈ ಬರೆಯದಿದ್ದರೂ ಸಾಲುಗಳು ಕ್ರಮವಾಗಿಯೇ ಬರುತ್ತಿವೆ. ಬರೆಯಲೇಬೇಕೆ?

ಬರೆಯಲೇಬೇಕು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಂಡಿಸಿದ ರಿಲೇಷನಲ್ ಮಾದರಿಯಲ್ಲಿ ಟೇಬಲ್ ಎಂದರೆ ಗಣಿತದ ಅರ್ಥದಲ್ಲಿ ಒಂದು ಗಣ. ಗಣದಲ್ಲಿ ಮೊದಲನೆಯದು, ಎರಡನೆಯದು ಎಂಬುದಿಲ್ಲ. ಎಸ್‌ಕ್ಯುಎಲ್ ಹಲವು ವಿಷಯಗಳಲ್ಲಿ ಆ ಮಾದರಿಯಿಂದ ದೂರ ಸರಿದಿದೆ, ಆದರೆ ಇದೊಂದನ್ನು ಉಳಿಸಿಕೊಂಡಿದೆ: ಕ್ರಮವನ್ನು ಕೇಳದ ಕ್ವೆರಿಗೆ ಯಾವ ಕ್ರಮದಲ್ಲಿ ಉತ್ತರ ಕೊಟ್ಟರೂ ಅದು ಸರಿಯಾದ ಉತ್ತರವೇ.

ಇಂದು ಕ್ರಮವಾಗಿ ಬರುತ್ತಿರುವುದಕ್ಕೆ ಕಾರಣ ಡೇಟಾಬೇಸ್ ಸದ್ಯ ಓದುತ್ತಿರುವ ದಾರಿ. ಆ ದಾರಿ ಯಾವಾಗ ಬೇಕಾದರೂ ಬದಲಾಗಬಹುದು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ವ್ಯವಸ್ಥೆಯಲ್ಲಿ ಒಂದು ಸಾಲನ್ನು ತಿದ್ದಿದರೆ ಅದರ ಹೊಸ ಪ್ರತಿ ಡಿಸ್ಕಿನ ಬೇರೊಂದು ಜಾಗದಲ್ಲಿ ಕೂರುತ್ತದೆ. ಮರುಮೌಲ್ಯಮಾಪನದಲ್ಲಿ ಅಂಕ ಬದಲಾದ ವಿದ್ಯಾರ್ಥಿ ಪಟ್ಟಿಯ ನಡುವಿನಿಂದ ಕೊನೆಗೆ ಹೋಗಿಬಿಡಬಹುದು. ದೊಡ್ಡ ಟೇಬಲ್ ಆದರೆ, ಇನ್ನೊಬ್ಬರು ಅದನ್ನೇ ಓದುತ್ತಿರುವಾಗ ನಿಮ್ಮ ಕ್ವೆರಿಯೂ ಅವರಿರುವ ಜಾಗದಿಂದಲೇ ಓದಲು ಶುರು ಮಾಡಬಹುದು. ಆಗ ಫಲಿತಾಂಶ ನಡುವಿನಿಂದ ಆರಂಭವಾಗಿ ಸುತ್ತಿ ಬರುತ್ತದೆ.

ಮೈಎಸ್‌ಕ್ಯುಎಲ್‌ನಲ್ಲಿ ಪ್ರೈಮರಿ ಕೀ ಕ್ರಮದಲ್ಲೇ ಬರುತ್ತದೆ ಎನ್ನುತ್ತಾರಲ್ಲ?

ಮೈಎಸ್‌ಕ್ಯುಎಲ್ ಡೇಟಾಬೇಸಿನ ಸಂಗ್ರಹ ವ್ಯವಸ್ಥೆಯಾದ ಇನ್ನೋಡಿಬಿ ಸಾಲುಗಳನ್ನು ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನು ಗುರುತಿಸುವ ಕಾಲಂನ (ಇಲ್ಲಿ ನೋಂದಣಿ ಸಂಖ್ಯೆ) ಕ್ರಮದಲ್ಲಿ ಇಡುವುದು ನಿಜ. ಆದರೆ ಇಡುವುದು ಬೇರೆ, ಓದುವುದು ಬೇರೆ. ನೋಂದಣಿ ಸಂಖ್ಯೆ ಮತ್ತು ಜಿಲ್ಲೆ ಎರಡನ್ನೇ ಕೇಳಿದಿರಿ ಎನ್ನಿ. ಜಿಲ್ಲೆಯ ಮೇಲೆ ಇಂಡೆಕ್ಸ್ (ಆ ಕಾಲಂ ಪ್ರಕಾರ ಮೊದಲೇ ವಿಂಗಡಿಸಿಟ್ಟ ಪ್ರತಿ) ಇದ್ದರೆ ಆ ಎರಡೂ ಅದರಲ್ಲೇ ಸಿಗುತ್ತವೆ. ಓದುವ ದಾರಿಯನ್ನು ಆರಿಸುವ ಆಪ್ಟಿಮೈಸರ್ ಮುಖ್ಯ ಟೇಬಲನ್ನು ಮುಟ್ಟದೆ ಇಂಡೆಕ್ಸನ್ನೇ ಓದಿ ಮುಗಿಸಿದಾಗ ಸಾಲುಗಳು ಜಿಲ್ಲಾವಾರು ಬರುತ್ತವೆ.

ಇಂಥ ಅಭ್ಯಾಸವನ್ನು ನಂಬಿದವರಿಗೆ ಆವೃತ್ತಿ ಬದಲಾದಾಗ ಪೆಟ್ಟು ಬಿದ್ದಿದೆ. ಮೈಎಸ್‌ಕ್ಯುಎಲ್ 5.7ರವರೆಗೆ ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈ ಬರೆದರೆ ಸಾಕು, ಗುಂಪುಗಳು ವಿಂಗಡಣೆಯಾಗಿಯೇ ಬರುತ್ತಿದ್ದವು. 2018ರಲ್ಲಿ ಬಂದ 8.0 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಒರೇಕಲ್ ಡೇಟಾಬೇಸ್ ಬಳಸುವವರು ಇದನ್ನು ಇನ್ನೂ ಮೊದಲೇ ಕಂಡಿದ್ದರು: 10ಜಿ ಎರಡನೇ ಬಿಡುಗಡೆಯಲ್ಲಿ ವಿಂಗಡಿಸದೆಯೇ ಗುಂಪು ಮಾಡುವ ಹ್ಯಾಷ್ ವಿಧಾನ ಬಂದ ಮೇಲೆ, ಆರ್ಡರ್ ಬೈ ಇಲ್ಲದ ವರದಿಗಳ ಕ್ರಮ ಚದುರಿತು. ಎರಡೂ ಕಡೆ ಕಂಪನಿಯದು ತಪ್ಪಲ್ಲ. ಒರೇಕಲ್ ಆ ಕ್ರಮವನ್ನು ಕೊಡುತ್ತೇನೆಂದು ಹೇಳಿಯೇ ಇರಲಿಲ್ಲ; ಮೈಎಸ್‌ಕ್ಯುಎಲ್ 5.7ರ ಕೈಪಿಡಿ ಅದನ್ನು ನೆಚ್ಚಬೇಡಿ ಎಂದು ಮೊದಲೇ ಎಚ್ಚರಿಸಿತ್ತು.

ಹೆಚ್ಚು ಅಂಕದವರು ಮೊದಲು, ಅಂಕ ಸಮವಾದರೆ ಹೆಸರಿನ ಪ್ರಕಾರ. ಹೇಗೆ ಬರೆಯುವುದು?

ಸೆಲೆಕ್ಟ್ ಹೆಸರು, ಅಂಕ ಫ್ರಮ್ ವಿದ್ಯಾರ್ಥಿ ಆರ್ಡರ್ ಬೈ ಅಂಕ ಡೆಸ್ಕ್, ಹೆಸರು

ಡೆಸ್ಕ್ (DESC) ಎಂದರೆ ಇಳಿಕೆ ಕ್ರಮ. ಏನೂ ಬರೆಯದಿದ್ದರೆ ಏರಿಕೆ ಕ್ರಮ. ಡೆಸ್ಕ್ ತನ್ನ ಹಿಂದಿರುವ ಒಂದು ಕಾಲಂಗೆ ಮಾತ್ರ ಸೇರುತ್ತದೆ ಎಂಬುದನ್ನು ಗಮನಿಸಿ. ‘ಆರ್ಡರ್ ಬೈ ಜಿಲ್ಲೆ, ಅಂಕ ಡೆಸ್ಕ್’ ಎಂದು ಬರೆದರೆ ಜಿಲ್ಲೆ ಏರಿಕೆಯಲ್ಲೇ ಇರುತ್ತದೆ. ಎರಡೂ ಇಳಿಕೆಯಲ್ಲಿ ಬೇಕಿದ್ದರೆ ಎರಡಕ್ಕೂ ಬರೆಯಬೇಕು.

ವಯಸ್ಸಿನಲ್ಲಿ ಕಿರಿಯರು ಮೊದಲು ಬರಬೇಕೆಂದರೆ ಹುಟ್ಟಿದ ದಿನ ಇಳಿಕೆಯಲ್ಲಿರಬೇಕು. ವಯಸ್ಸು ಮತ್ತು ಜನ್ಮದಿನ ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ. ಅವಸರದಲ್ಲಿ ಬರೆಯುವಾಗ ಇದು ತಿರುಗುಮುರುಗಾಗುವುದು ಬಹಳ.

ಪರೀಕ್ಷೆಗೆ ಗೈರಾದವರೇ ಪಟ್ಟಿಯ ಮೇಲ್ತುದಿಗೆ ಬಂದಿದ್ದಾರೆ. ಏಕೆ?

ಗೈರಾದವರ ಅಂಕದ ಜಾಗದಲ್ಲಿ ನಲ್ ಇದೆ, ನೀವು ಇಳಿಕೆ ಕ್ರಮ ಕೇಳಿದ್ದೀರಿ, ಬಹುಶಃ ಪೋಸ್ಟ್‌ಗ್ರೆಸ್ ಅಥವಾ ಒರೇಕಲ್ ಬಳಸುತ್ತಿದ್ದೀರಿ. ನಲ್ ಎಂದರೆ ಮೌಲ್ಯವೇ ಗೊತ್ತಿಲ್ಲ ಎಂದು ಅರ್ಥ. ಅದನ್ನು ಯಾವುದರೊಡನೆಯೂ ಹೋಲಿಸಲಾಗದು, ಆದರೂ ಪಟ್ಟಿಯಲ್ಲಿ ಎಲ್ಲಾದರೂ ಇಡಲೇಬೇಕು. ಮೇಲಿನ ಎರಡೂ ವ್ಯವಸ್ಥೆಗಳು ನಲ್ ಎಲ್ಲಕ್ಕಿಂತ ದೊಡ್ಡದು ಎಂಬಂತೆ ಇಡುತ್ತವೆ. ಮೈಎಸ್‌ಕ್ಯುಎಲ್, ಎಸ್‌ಕ್ಯುಎಲ್ ಸರ್ವರ್ ಮತ್ತು ಎಸ್‌ಕ್ಯುಲೈಟ್ ಎಲ್ಲಕ್ಕಿಂತ ಚಿಕ್ಕದು ಎಂಬಂತೆ ಇಡುತ್ತವೆ. ಹಾಗಾಗಿ ಅದೇ ಕ್ವೆರಿ ಒಂದು ಕಡೆ ಗೈರಾದವರನ್ನು ಮೊದಲ ಸ್ಥಾನಕ್ಕೂ ಇನ್ನೊಂದು ಕಡೆ ಕೊನೆಯ ಸ್ಥಾನಕ್ಕೂ ಕಳಿಸುತ್ತದೆ.

ಪರಿಹಾರ: ‘ಆರ್ಡರ್ ಬೈ ಅಂಕ ಡೆಸ್ಕ್ ನಲ್ಸ್ ಲಾಸ್ಟ್’. ಪೋಸ್ಟ್‌ಗ್ರೆಸ್, ಒರೇಕಲ್ ಮತ್ತು 2019ರಲ್ಲಿ ಬಂದ 3.30 ಆವೃತ್ತಿಯಿಂದೀಚೆಗೆ ಎಸ್‌ಕ್ಯುಲೈಟ್ ಇದನ್ನು ಒಪ್ಪುತ್ತವೆ. ಮೈಎಸ್‌ಕ್ಯುಎಲ್‌ನಲ್ಲಿ ಇದಿಲ್ಲ; ಅಲ್ಲಿ ‘ಆರ್ಡರ್ ಬೈ ಅಂಕ ಈಸ್ ನಲ್, ಅಂಕ ಡೆಸ್ಕ್’ ಎಂದು ಬರೆಯುತ್ತಾರೆ. ಮೊದಲ ಭಾಗದ ಬೆಲೆ ಅಂಕ ಇದ್ದವರಿಗೆ 0, ಇಲ್ಲದವರಿಗೆ 1, ಹಾಗಾಗಿ ಇಲ್ಲದವರು ಹಿಂದೆ ಹೋಗುತ್ತಾರೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಅದನ್ನೇ, ಷರತ್ತಿಗೆ ತಕ್ಕ ಬೆಲೆ ಕೊಡುವ ಕೇಸ್ ಬಳಸಿ ಹೇಳಬೇಕು.

ನಲ್ ಬದಲು 0 ತುಂಬಿಬಿಡೋಣ ಎಂಬ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಸೊನ್ನೆ ಪಡೆದವನೂ ಪರೀಕ್ಷೆ ಬರೆಯದವನೂ ಒಂದೇ ಅಲ್ಲ. ಪಟ್ಟಿ ಅಂದವಾಗಿ ಕಾಣಲೆಂದು ದಾಖಲೆಯನ್ನೇ ಸುಳ್ಳು ಮಾಡಬಾರದು.

ಇಬ್ಬರಿಗೆ 618 ಅಂಕ ಬಂದರೆ ಯಾರು ಮೊದಲು?

ಆರ್ಡರ್ ಬೈಯಲ್ಲಿ ಅಂಕ ಒಂದೇ ಇದ್ದರೆ ಯಾರು ಬೇಕಾದರೂ ಮೊದಲು ಬರಬಹುದು, ಮತ್ತೊಮ್ಮೆ ಕೇಳಿದಾಗ ಅದಲುಬದಲೂ ಆಗಬಹುದು. ಸಮಬಲ ಬಂದಾಗ ಹಳೆಯ ಕ್ರಮವನ್ನು ಉಳಿಸುತ್ತೇನೆ ಎಂದು ಎಸ್‌ಕ್ಯುಎಲ್ ಎಲ್ಲಿಯೂ ಹೇಳಿಲ್ಲ. ಆದ್ದರಿಂದ ಕೊನೆಯಲ್ಲಿ ಯಾವಾಗಲೂ ಪುನರಾವರ್ತನೆ ಇಲ್ಲದ ಕಾಲಂ ಸೇರಿಸಿ: ಆರ್ಡರ್ ಬೈ ಅಂಕ ಡೆಸ್ಕ್, ಹೆಸರು, ನೋಂದಣಿ ಸಂಖ್ಯೆ. ಹೆಸರೂ ಒಂದೇ ಇರುವವರು ಒಂದು ಜಿಲ್ಲೆಯಲ್ಲೇ ಹಲವರು ಸಿಗುತ್ತಾರೆ, ಹೆಸರಿಗೆ ನಿಲ್ಲಿಸಬೇಡಿ. ಈ ಪುಟದಿಂದ ಒಂದೇ ಅಭ್ಯಾಸ ಕಲಿಯುವುದಾದರೆ ಇದನ್ನು ಕಲಿಯಿರಿ.

ಸಾಲಿನ ಜಾಗ ಬೇರೆ, ರ‍್ಯಾಂಕ್ ಬೇರೆ. 620, 618, 618, 615 ಎಂಬ ನಾಲ್ಕು ಅಂಕಗಳಿಗೆ ರೋ ನಂಬರ್ ಫಂಕ್ಷನ್ 1, 2, 3, 4 ಕೊಡುತ್ತದೆ. ರ‍್ಯಾಂಕ್ 1, 2, 2, 4 ಕೊಡುತ್ತದೆ. ಡೆನ್ಸ್ ರ‍್ಯಾಂಕ್ 1, 2, 2, 3 ಕೊಡುತ್ತದೆ. ಬಹುಮಾನ ಹಂಚುವ ಪಟ್ಟಿಗೆ ರೋ ನಂಬರ್ ಬಳಸಿದರೆ ಸಮ ಅಂಕ ಪಡೆದ ಇಬ್ಬರಲ್ಲಿ ಒಬ್ಬರಿಗೆ ಅನ್ಯಾಯವಾಗುತ್ತದೆ. ಮೊದಲ ಹತ್ತು ಜನರನ್ನಷ್ಟೇ ತೆಗೆಯುವಾಗಲೂ ಹೀಗೆಯೇ: ಹತ್ತನೆಯವರಷ್ಟೇ ಅಂಕ ಪಡೆದ ಹನ್ನೊಂದನೆಯವರು ಹೊರಗುಳಿಯುತ್ತಾರೆ. ಇದಕ್ಕೆ ‘ವಿತ್ ಟೈಸ್’ ಎಂಬ ಸೌಲಭ್ಯವಿದೆ. ಒರೇಕಲ್ 12ಸಿ, ಎಸ್‌ಕ್ಯುಎಲ್ ಸರ್ವರ್ ಮತ್ತು ಪೋಸ್ಟ್‌ಗ್ರೆಸ್ 13ರಿಂದ ಈಚೆಗೆ ಸಿಗುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ರ‍್ಯಾಂಕ್ ಲೆಕ್ಕ ಹಾಕಿ, 10ಕ್ಕಿಂತ ಹೆಚ್ಚಿನದನ್ನು ಹೊರಗಿನ ಕ್ವೆರಿಯಲ್ಲಿ ಬಿಡಬೇಕು.

ರ‍್ಯಾಂಕ್ ಫಂಕ್ಷನ್‌ನ ಓವರ್ ಭಾಗದೊಳಗೆ ಬರೆದ ಆರ್ಡರ್ ಬೈ ಆ ಲೆಕ್ಕಕ್ಕೆ ಮಾತ್ರ. ಪಟ್ಟಿಯೂ ಆ ಕ್ರಮದಲ್ಲಿ ಬರಬೇಕಿದ್ದರೆ ಕ್ವೆರಿಯ ಕೊನೆಯಲ್ಲಿ ಇನ್ನೊಮ್ಮೆ ಬರೆಯಬೇಕು.

10 ಬಂದ ಮೇಲೆ 9 ಬರುತ್ತಿದೆ. ಇದು ಯಾವ ಕ್ರಮ?

ಆ ಕಾಲಂ ಸಂಖ್ಯೆಯಲ್ಲ, ಪಠ್ಯ. ಪಠ್ಯವನ್ನು ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತಾರೆ. 1 ಎಂಬುದು 9ಕ್ಕಿಂತ ಮೊದಲು, ಮುಂದಿನದನ್ನು ನೋಡುವ ಪ್ರಶ್ನೆಯೇ ಇಲ್ಲ. ಅಂಕದಂಥ ಕಾಲಂ ಆದರೆ ಅದರ ಜಾತಿಯನ್ನೇ (ಡೇಟಾ ಟೈಪ್) ಪೂರ್ಣಾಂಕಕ್ಕೆ ಬದಲಿಸಿ. ಪ್ರತಿ ಕ್ವೆರಿಯಲ್ಲಿ ಜಾತಿ ಬದಲಿಸುವ ಕಾಸ್ಟ್ ಬರೆದುಕೊಂಡು ಹೋಗುವುದು ಉಪಶಮನ ಅಷ್ಟೇ.

ಪಿನ್ ಕೋಡ್ ಪಠ್ಯವಾಗಿದ್ದರೂ ತೊಂದರೆಯಿಲ್ಲ, ಎಲ್ಲವೂ ಆರು ಅಂಕಿ. ಕಷ್ಟ ಬರುವುದು ಜಮೀನಿನ ಸರ್ವೆ ನಂಬರ್‌ಗಳಂಥವುಗಳಲ್ಲಿ. 9, 12/2, 12/10 ಎಂಬ ಮೂರನ್ನು ಪಠ್ಯವಾಗಿ ವಿಂಗಡಿಸಿದರೆ 12/10, 12/2, 9 ಎಂದು ಬರುತ್ತದೆ. ಸರ್ವೆ ನಂಬರ್ ಒಂದು ಕಾಲಂ, ಹಿಸ್ಸಾ ಇನ್ನೊಂದು ಕಾಲಂ ಮಾಡಿ ಎರಡನ್ನೂ ಸಂಖ್ಯೆಯಾಗಿ ಇಡುವುದೇ ನೇರವಾದ ದಾರಿ. ಪೋಸ್ಟ್‌ಗ್ರೆಸ್‌ನಲ್ಲಿ ಐಸಿಯು ಕೊಲೇಷನ್‌ಗೆ (ಪಠ್ಯ ಹೋಲಿಸುವ ನಿಯಮಗಳು, ಮುಂದಿನ ಪ್ರಶ್ನೆಯಲ್ಲಿ ವಿವರಿಸಿದ್ದೇನೆ) ಅಂಕಿಗಳನ್ನು ಸಂಖ್ಯೆಯಂತೆ ನೋಡು ಎಂದು ಹೇಳುವ ಏರ್ಪಾಡೂ ಇದೆ. ಹಳೆಯ ಟೇಬಲನ್ನು ಒಡೆಯಲಾಗದವರಿಗೆ ಅದು ಉಪಕಾರಿ.

ದಿನಾಂಕವೂ ಇದೇ ಕಥೆ. ದಿನ, ತಿಂಗಳು, ವರ್ಷ ಎಂದು ಪಠ್ಯದಲ್ಲಿ ಬರೆದಿಟ್ಟರೆ 01-12-2009 ಮೊದಲು ಬಂದು 02-01-2008 ನಂತರ ಬರುತ್ತದೆ. ದಿನಾಂಕಕ್ಕೆ ಡೇಟ್ ಜಾತಿಯನ್ನೇ ಬಳಸಿ. ಅದೂ ಆಗದಿದ್ದರೆ ವರ್ಷ, ತಿಂಗಳು, ದಿನ ಎಂಬ ಐಎಸ್‌ಒ ಕ್ರಮದಲ್ಲಾದರೂ ಬರೆಯಿರಿ, ಅದು ಪಠ್ಯವಾಗಿದ್ದರೂ ಸರಿಯಾಗಿ ನಿಲ್ಲುತ್ತದೆ.

ಕನ್ನಡದ ಹೆಸರುಗಳು ಅಕಾರಾದಿಯಲ್ಲಿ ಬರುತ್ತಿಲ್ಲ. ಡೇಟಾಬೇಸಿಗೆ ಕನ್ನಡ ಗೊತ್ತಿಲ್ಲವೇ?

ಗೊತ್ತಿದೆ, ಆದರೆ ಕೇಳಬೇಕು. ಪಠ್ಯವನ್ನು ಹೋಲಿಸುವ ನಿಯಮಗಳ ಕಟ್ಟಿಗೆ ಕೊಲೇಷನ್ ಎನ್ನುತ್ತಾರೆ. ಅತ್ಯಂತ ಸರಳವಾದ ಬೈನರಿ ಕೊಲೇಷನ್, ಪ್ರತಿ ಅಕ್ಷರಕ್ಕೆ ಯೂನಿಕೋಡ್ ಕೊಟ್ಟಿರುವ ಸಂಖ್ಯೆಯನ್ನಷ್ಟೇ ನೋಡುತ್ತದೆ. ಕನ್ನಡದ ಮಟ್ಟಿಗೆ ಅದು ಬಹುಪಾಲು ಸರಿಯಾಗಿಯೇ ನಡೆಯುತ್ತದೆ. ಸ್ವರಗಳು ಮೊದಲು, ಕವರ್ಗದಿಂದ ಮುಂದಕ್ಕೆ ವ್ಯಂಜನಗಳು. ಗುಣಿತಾಕ್ಷರಗಳ ಚಿಹ್ನೆಗಳಾದ ಮೇಲೆ ಹಲಂತದ ಚಿಹ್ನೆ ಇರುವುದರಿಂದ ಕೌ ಆದ ಬಳಿಕವೇ ಕ್ಯ, ಕ್ರ ಬರುತ್ತವೆ. ನಿಘಂಟುಗಳಲ್ಲಿ ನಾವು ಕಾಣುವುದೂ ಹಾಗೆಯೇ. ಬಹುಪಾಲು ಸರಿ ಇರುವುದರಿಂದಲೇ ತಪ್ಪು ಕಣ್ಣಿಗೆ ಬೀಳುವುದು ತಡವಾಗುತ್ತದೆ.

ಎಡವುವುದು ಳಕಾರದಲ್ಲಿ. ನಮ್ಮ ವರ್ಣಮಾಲೆಯಲ್ಲಿ ಯ, ರ, ಲ, ವ, ಶ, ಷ, ಸ, ಹ ಆದ ಮೇಲೆ ಕೊನೆಗೆ ಳ. ಯೂನಿಕೋಡ್ ಪಟ್ಟಿಯಲ್ಲಿ ಳ ಇರುವುದು ಲ ಮತ್ತು ವ ನಡುವೆ. ಭಾರತೀಯ ಲಿಪಿಗಳ ಪಟ್ಟಿಗಳನ್ನು ಇಸ್ಕಿ ಎಂಬ ಭಾರತೀಯ ಮಾನಕದ 1988ರ ರೂಪವನ್ನು ಅನುಸರಿಸಿ, ಒಂದೇ ಧ್ವನಿಯ ಅಕ್ಷರಗಳು ಎಲ್ಲ ಲಿಪಿಗಳಲ್ಲೂ ಒಂದೇ ಸ್ಥಾನದಲ್ಲಿ ಬರುವಂತೆ ಜೋಡಿಸಿದ್ದಾರೆ. ಎಲ್ಲ ಲಿಪಿಗಳಿಗೂ ಹೊಂದುವ ಚೌಕಟ್ಟು ಪ್ರತಿ ಭಾಷೆಯ ಅಕಾರಾದಿಗೂ ಹೊಂದಲು ಸಾಧ್ಯವಿಲ್ಲ. ಊರುಗಳ ಪಟ್ಟಿಯಲ್ಲಿ ಮಸ್ಕಿ ಮೊದಲು, ಮಳವಳ್ಳಿ ಆಮೇಲೆ ಬರಬೇಕು. ಬೈನರಿ ವಿಂಗಡಣೆಯಲ್ಲಿ ಮಳವಳ್ಳಿ ಮೊದಲು ಬರುತ್ತದೆ. ಕವಿತಾಳ ಮತ್ತು ಕಳಸ ಕೂಡ ಹೀಗೆಯೇ ಅದಲುಬದಲಾಗುತ್ತವೆ. ಕನ್ನಡದ ಊರ ಹೆಸರುಗಳಲ್ಲಿ ಹಳ್ಳಿ, ಕೊಳ, ಹಳೆ ಎಂಬ ಪದಗಳು ಎಷ್ಟಿವೆ ಎಂದು ನೆನೆಸಿಕೊಂಡರೆ ಇದು ಸಣ್ಣ ವಿಷಯವಲ್ಲ ಎಂದು ತಿಳಿಯುತ್ತದೆ.

ಪರಿಹಾರಕ್ಕೆ ಯೂನಿಕೋಡ್ ಸಂಸ್ಥೆಯೇ ಸಂಖ್ಯೆಯ ಕ್ರಮದಿಂದ ಬೇರೆಯಾದ ಒಂದು ಕೊಲೇಷನ್ ಪದ್ಧತಿಯನ್ನು ರೂಪಿಸಿದೆ. ಅದರಲ್ಲಿ ಳ ಹಕಾರದ ನಂತರವೇ ಬರುತ್ತದೆ. ಪೋಸ್ಟ್‌ಗ್ರೆಸ್ 10ರಿಂದ ಐಸಿಯು ಎಂಬ ಸಾಫ್ಟ್‌ವೇರ್ ಲೈಬ್ರರಿಯ ಮೂಲಕ ಇದು ಸಿಗುತ್ತದೆ. ಕನ್ನಡದ ಭಾಷಾಸಂಕೇತ ಕೆಎನ್ ಇರುವ ಕೊಲೇಷನನ್ನು ಆರ್ಡರ್ ಬೈಯ ಹೆಸರಿನ ಮುಂದೆ ಕೊಲೇಟ್ ಎಂದು ಬರೆದು ಕೊಡಬಹುದು, ಇಲ್ಲವೇ ಟೇಬಲ್ ಕಟ್ಟುವಾಗಲೇ ಆ ಕಾಲಂಗೆ ಹಾಕಬಹುದು. ಎರಡನೆಯದೇ ಒಳ್ಳೆಯದು, ಒಬ್ಬರು ಮರೆತರೂ ಪಟ್ಟಿ ಕೆಡುವುದಿಲ್ಲ. ಮೈಎಸ್‌ಕ್ಯುಎಲ್ 8.0ರಲ್ಲಿ ಹೆಸರಿನಲ್ಲಿ 0900 ಎಂದಿರುವ ಕೊಲೇಷನ್‌ಗಳು ಯೂನಿಕೋಡ್ ಪದ್ಧತಿಯ 9.0 ಆವೃತ್ತಿಯನ್ನು ಆಧರಿಸಿವೆ. ಹಳೆಯ ಜನರಲ್ ಕೊಲೇಷನ್ ಕನ್ನಡಕ್ಕೆ ಬರೀ ಸಂಖ್ಯೆಯ ಹೋಲಿಕೆ ಮಾಡುತ್ತದೆ. ಹಳೆಯ ಆವೃತ್ತಿಯಿಂದ ಬಂದ ಟೇಬಲ್‌ಗಳಲ್ಲಿ ಅದೇ ಉಳಿದಿರುತ್ತದೆ, ಪರೀಕ್ಷಿಸಿ ನೋಡಿ. ಎಸ್‌ಕ್ಯುಲೈಟ್ ತಾನಾಗಿ ಬೈನರಿ ಕ್ರಮವನ್ನೇ ಬಳಸುತ್ತದೆ, ಐಸಿಯು ವಿಸ್ತರಣೆಯನ್ನು ಪ್ರತ್ಯೇಕವಾಗಿ ಸೇರಿಸಬೇಕು. ಮೊಬೈಲ್ ಆ್ಯಪ್ ಬರೆಯುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಕನ್ನಡದ ಪಟ್ಟಿ ಕನ್ನಡದ ಕ್ರಮದಲ್ಲಿ ಬರಬೇಕೆಂದು ಕೇಳುವುದು ಹಠವಲ್ಲ. ಮತದಾರರ ಪಟ್ಟಿ, ಗ್ರಂಥಾಲಯದ ಸೂಚಿ, ಶಾಲೆಯ ಹಾಜರಿ ಇವುಗಳಲ್ಲಿ ಹೆಸರು ಹುಡುಕುವವರು ಒಂದನೇ ತರಗತಿಯಲ್ಲಿ ಕಲಿತ ವರ್ಣಮಾಲೆಯನ್ನೇ ನಂಬಿ ಬೆರಳು ಇಡುತ್ತಾರೆ.

ರಾಜ್‌ಕುಮಾರ್ ಎಂಬ ಒಂದೇ ಹೆಸರು ಪಟ್ಟಿಯಲ್ಲಿ ಎರಡು ಕಡೆ ಬಂದಿದೆ. ಎರಡೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ!

ಒಬ್ಬರು ಜ್ ಮತ್ತು ಕು ನಡುವೆ ಕಾಣದ ಒಂದು ಸಂಕೇತ ಹಾಕಿ ‘ರಾಜ್‌ಕುಮಾರ್’ ಎಂದು ಟೈಪಿಸಿದ್ದಾರೆ, ಇನ್ನೊಬ್ಬರು ಅದಿಲ್ಲದೆ ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗಿಸಿದ್ದಾರೆ. ಒತ್ತು ಬೀಳದಂತೆ ತಡೆಯುವ ಆ ಸಂಕೇತದ ಸಂಖ್ಯೆ ಕನ್ನಡದ ಎಲ್ಲ ಅಕ್ಷರಗಳಿಗಿಂತ ದೊಡ್ಡದು. ಬೈನರಿ ಕ್ರಮದಲ್ಲಿ ಮೊದಲು ರಾಜ್ಕುಮಾರ್, ಆಮೇಲೆ ರಾಜ್ಯಶ್ರೀ, ಅದಾದ ಮೇಲೆ ರಾಜ್‌ಕುಮಾರ್ ಬರುತ್ತವೆ. ಯೂನಿಕೋಡ್ ಕೊಲೇಷನ್ ಈ ಸಂಕೇತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಇಬ್ಬರೂ ಅಕ್ಕಪಕ್ಕ ಕೂರುತ್ತಾರೆ.

ಇದೇ ಜಾತಿಯ ಇನ್ನೊಂದು ತೊಂದರೆ ಓತ್ವದ್ದು. ಕೊ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಕೆ ಮತ್ತು ಕೂ ಇವುಗಳ ಚಿಹ್ನೆಗಳನ್ನು ಜೋಡಿಸಿ ಎರಡು ಸಂಕೇತವಾಗಿಯೂ ಇಡಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣುವುದೇ ಇಲ್ಲ. ಮಾಹಿತಿ ಒಳಬರುವಾಗಲೇ ಯೂನಿಕೋಡ್ ನಾರ್ಮಲೈಸೇಷನ್ ಮಾಡಿ ಒಂದೇ ರೂಪಕ್ಕೆ ತರುವುದು ಸರಿಯಾದ ಕ್ರಮ. ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಆದರೆ ಅದು ಒತ್ತು ತಡೆಯುವ ಸಂಕೇತವನ್ನು ತೆಗೆಯುವುದಿಲ್ಲ. ಎರಡೂ ಬೇರೆ ಕೆಲಸ.

ಆಪರೇಟಿಂಗ್ ಸಿಸ್ಟಂ ಹೊಸದು ಮಾಡಿದ ಮೇಲೆ ಇಂಡೆಕ್ಸ್ ಕೆಟ್ಟಿತು ಎನ್ನುತ್ತಾರೆ. ವಿಂಗಡಣೆಗೂ ಅದಕ್ಕೂ ಏನು ಸಂಬಂಧ?

ಇಂಡೆಕ್ಸ್ ಎಂದರೆ ಮೊದಲೇ ವಿಂಗಡಿಸಿಟ್ಟ ಪ್ರತಿ. ಅದನ್ನು ಕಟ್ಟಿದ ನಿಯಮ ಒಂದು, ಈಗ ಹುಡುಕುವ ನಿಯಮ ಇನ್ನೊಂದು ಆದರೆ ಇರುವ ಸಾಲೂ ಸಿಗುವುದಿಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಂಗಳ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2018ರ 2.28 ಆವೃತ್ತಿಯಲ್ಲಿ ಭಾಷೆಗಳ ವಿಂಗಡಣಾ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಬದಲಾದವು. ಪೋಸ್ಟ್‌ಗ್ರೆಸ್ ಆ ನಿಯಮಗಳಿಗೆ ಆಪರೇಟಿಂಗ್ ಸಿಸ್ಟಮನ್ನೇ ನಂಬಿದ್ದರಿಂದ, ಡೆಬಿಯನ್ 10 ಅಥವಾ ರೆಡ್ ಹ್ಯಾಟ್ 8 ಎಂಬ ಲಿನಕ್ಸ್‌ಗಳಿಗೆ ಏರಿದವರ ಪಠ್ಯದ ಇಂಡೆಕ್ಸ್‌ಗಳು ತಪ್ಪು ಉತ್ತರ ಕೊಡತೊಡಗಿದವು. ಯುನೀಕ್ ಎಂದಿದ್ದ ಕಾಲಂಗಳಿಗೂ ಎರಡೆರಡು ಒಂದೇ ಮೌಲ್ಯ ನುಸುಳುವಂತಾಯಿತು. ಮೇಲೇರಿದ ತಕ್ಷಣ ರೀಇಂಡೆಕ್ಸ್ ಮಾಡುವುದೇ ಮದ್ದು.

ಅಕಾರಾದಿಯೂ ಬೇಡ, ಸಂಖ್ಯೆಯ ಕ್ರಮವೂ ಬೇಡ. ಚೈತ್ರ, ವೈಶಾಖ, ಜ್ಯೇಷ್ಠ ಎಂದು ಬರಬೇಕು.

ತಿಂಗಳುಗಳಿಗೊಂದು ಪುಟ್ಟ ಟೇಬಲ್ ಮಾಡಿ, ಅದರಲ್ಲಿ ಕ್ರಮಸಂಖ್ಯೆಯ ಕಾಲಂ ಇಡಿ, ಜೋಡಿಸಿ, ಆ ಸಂಖ್ಯೆಯ ಮೇಲೆ ವಿಂಗಡಿಸಿ. ಕೇಸ್ ಬಳಸಿ ಕ್ವೆರಿಯಲ್ಲೇ 1, 2, 3 ಎಂದು ಕೊಡಬಹುದು, ಮೈಎಸ್‌ಕ್ಯುಎಲ್‌ನಲ್ಲಿ ಫೀಲ್ಡ್ ಫಂಕ್ಷನ್ ಕೂಡ ಇದೆ. ಆದರೆ ಅದೇ ಪಟ್ಟಿಯನ್ನು ಹತ್ತು ಕ್ವೆರಿಗಳಲ್ಲಿ ಬರೆದ ಮೇಲೆ ಎಲ್ಲಿ ಯಾವುದು ಬಿಟ್ಟುಹೋಯಿತು ಎಂದು ಹುಡುಕುವುದು ಕಷ್ಟ. ಬೆಲೆಗಳ ಪಟ್ಟಿಯನ್ನು ಮೊದಲೇ ಘೋಷಿಸುವ ಈನಮ್ ಜಾತಿಯ ಕಾಲಂಗಳು ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯುಎಲ್ ಎರಡರಲ್ಲೂ ಘೋಷಿಸಿದ ಕ್ರಮದಲ್ಲೇ ವಿಂಗಡಣೆಯಾಗುತ್ತವೆ.

ಆರ್ಡರ್ ಬೈ 2 ಎಂದು ಬರೆದದ್ದನ್ನು ನೋಡಿದೆ. ಬರೆಯಬಹುದೇ?

ಸೆಲೆಕ್ಟ್ ಪಟ್ಟಿಯ ಎರಡನೇ ಕಾಲಂ ಎಂದರ್ಥ. ಕೈಯಲ್ಲಿ ಬರೆದು ಎಸೆಯುವ ಕ್ವೆರಿಗೆ ಸರಿ. ಉಳಿಯುವ ಪ್ರೋಗ್ರಾಮಿನಲ್ಲಿ ಬೇಡ, ಯಾರೋ ನಡುವೆ ಒಂದು ಕಾಲಂ ಸೇರಿಸಿದರೆ ವಿಂಗಡಣೆ ಸದ್ದಿಲ್ಲದೆ ಬದಲಾಗುತ್ತದೆ.

ಸೆಲೆಕ್ಟ್‌ನಲ್ಲಿ ಕೊಟ್ಟ ಅಡ್ಡಹೆಸರು ಆರ್ಡರ್ ಬೈಯಲ್ಲಿ ನಡೆಯುತ್ತದೆ, ವೇರ್‌ನಲ್ಲಿ ನಡೆಯುವುದಿಲ್ಲ. ಏಕೆ?

ತರ್ಕದ ಪ್ರಕಾರ ಕ್ವೆರಿ ನಡೆಯುವ ಕ್ರಮ ಫ್ರಮ್, ವೇರ್, ಗ್ರೂಪ್ ಬೈ, ಹ್ಯಾವಿಂಗ್, ಸೆಲೆಕ್ಟ್, ಕೊನೆಗೆ ಆರ್ಡರ್ ಬೈ. ಷರತ್ತಿನ ಪ್ರಕಾರ ಸಾಲುಗಳನ್ನು ಆರಿಸುವ ವೇರ್ ನಡೆಯುವ ಹೊತ್ತಿಗೆ ಅಡ್ಡಹೆಸರು ಇನ್ನೂ ಹುಟ್ಟಿರುವುದಿಲ್ಲ. ಪುನರಾವರ್ತನೆ ತೆಗೆಯುವ ಡಿಸ್ಟಿಂಕ್ಟ್ ಜೊತೆಗೆ ಆಗುವ ದೋಷಕ್ಕೂ ಕಾರಣ ಇಲ್ಲೇ ಇದೆ. ‘ಸೆಲೆಕ್ಟ್ ಡಿಸ್ಟಿಂಕ್ಟ್ ಜಿಲ್ಲೆ ಫ್ರಮ್ ವಿದ್ಯಾರ್ಥಿ ಆರ್ಡರ್ ಬೈ ಅಂಕ’ ಎಂದರೆ, ಮಂಡ್ಯ ಎಂಬ ಒಂದು ಸಾಲಿನ ಹಿಂದೆ ಸಾವಿರಾರು ಅಂಕಗಳಿವೆ, ಯಾವುದನ್ನು ಹಿಡಿಯಬೇಕು? ಜಿಲ್ಲೆಯ ಪ್ರಕಾರ ಗುಂಪು ಮಾಡಿ, ಗರಿಷ್ಠ ಅಂಕವೋ ಸರಾಸರಿಯೋ ಯಾವುದು ಬೇಕೆಂದು ಹೇಳಿ.

ಒಳಗಿನ ಕ್ವೆರಿಯಲ್ಲಿ, ವ್ಯೂನಲ್ಲಿ, ಯೂನಿಯನ್‌ನಲ್ಲಿ ಆರ್ಡರ್ ಬೈ ಎಲ್ಲಿ ಬರೆಯಬೇಕು?

ಎಲ್ಲಕ್ಕಿಂತ ಹೊರಗೆ. ಎರಡು ಕ್ವೆರಿಗಳ ಫಲಿತಾಂಶ ಸೇರಿಸುವ ಯೂನಿಯನ್‌ನ ಕೊನೆಯಲ್ಲಿ ಬರೆದದ್ದು ಒಟ್ಟು ಫಲಿತಾಂಶಕ್ಕೆ ಅನ್ವಯಿಸುತ್ತದೆ. ಲಿಮಿಟ್ (ಎಷ್ಟು ಸಾಲು ಬೇಕೆಂಬ ಮಿತಿ) ಇಲ್ಲದ ಒಳಕ್ವೆರಿಯ ಆರ್ಡರ್ ಬೈಯನ್ನು ಮಾರಿಯಾಡಿಬಿ ಎಂಬ ಡೇಟಾಬೇಸ್ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಎಸ್‌ಕ್ಯುಎಲ್ ಸರ್ವರ್ ವ್ಯೂ (ಹೆಸರು ಕೊಟ್ಟು ಉಳಿಸಿದ ಕ್ವೆರಿ) ಒಳಗೆ ಅದನ್ನು ಬರೆಯಲೇ ಬಿಡುವುದಿಲ್ಲ. ‘ಟಾಪ್ 100 ಪರ್ಸೆಂಟ್’ ಎಂಬ ಒಳದಾರಿಯನ್ನು 2005ರ ಆವೃತ್ತಿಯಿಂದ ಆಪ್ಟಿಮೈಸರ್ ಕಡೆಗಣಿಸುತ್ತಿದೆ.

ಪುಟ ಪುಟವಾಗಿ ತೋರಿಸುವಾಗ ಕೆಲವರು ಎರಡು ಪುಟಗಳಲ್ಲಿ ಬರುತ್ತಾರೆ, ಕೆಲವರು ಎಲ್ಲಿಯೂ ಬರುವುದಿಲ್ಲ.

ಮೊದಲ ಕಾರಣ ಸಮಬಲದ ಅನಿಶ್ಚಿತತೆ, ಮೇಲೆ ಹೇಳಿದಂತೆ ನೋಂದಣಿ ಸಂಖ್ಯೆ ಸೇರಿಸಿದರೆ ಹೋಗುತ್ತದೆ. ಎರಡನೆಯದು, ಇಷ್ಟು ಸಾಲು ಬಿಟ್ಟು ಮುಂದಿನದು ಕೊಡು ಎನ್ನುವ ಆಫ್‌ಸೆಟ್‌ನ ಸ್ವಭಾವ: ನೀವು ಒಂದನೇ ಪುಟ ನೋಡುವಷ್ಟರಲ್ಲಿ ಹೊಸ ಸಾಲು ಮುಂದೆ ಸೇರಿದರೆ ಎಲ್ಲರೂ ಒಂದು ಸ್ಥಾನ ಹಿಂದೆ ಸರಿಯುತ್ತಾರೆ. ಮೇಲಾಗಿ ಆಫ್‌ಸೆಟ್ 100000 ಎಂದರೆ ಡೇಟಾಬೇಸ್ ಅಷ್ಟೂ ಸಾಲುಗಳನ್ನು ತೆಗೆದು ಬಿಸಾಡಿಯೇ ಮುಂದಿನ 20ನ್ನು ಕೊಡುತ್ತದೆ.

ಇದಕ್ಕೆ ಬದಲಾಗಿ, ಹಿಂದಿನ ಪುಟದ ಕೊನೆಯ ಸಾಲಿನ ಬೆಲೆಯನ್ನು ನೆನಪಿಟ್ಟು ಅಲ್ಲಿಂದ ಮುಂದಿನದನ್ನು ಕೇಳಿ. ಕೊನೆಯವರ ಅಂಕ 587 ಆಗಿದ್ದರೆ: ವೇರ್ ಅಂಕ 587ಕ್ಕಿಂತ ಕಡಿಮೆ, ಅಥವಾ ಅಂಕ 587 ಆಗಿದ್ದು ನೋಂದಣಿ ಸಂಖ್ಯೆ ಆ ಕೊನೆಯವರದಕ್ಕಿಂತ ಹೆಚ್ಚು, ಆರ್ಡರ್ ಬೈ ಅಂಕ ಡೆಸ್ಕ್, ನೋಂದಣಿ ಸಂಖ್ಯೆ, ಲಿಮಿಟ್ 20. ಇದನ್ನು ಕೀಸೆಟ್ ವಿಧಾನ ಎನ್ನುತ್ತಾರೆ. 37ನೇ ಪುಟಕ್ಕೆ ನೇರವಾಗಿ ಹಾರುವುದು ಇದರಲ್ಲಿ ಆಗದು. ಮುಂದೆ ಮುಂದೆ ಸಾಗುವ ಪಟ್ಟಿಗಳಿಗೆ ಇದಕ್ಕಿಂತ ಉತ್ತಮವಾದದ್ದಿಲ್ಲ. ಅಂಕ ನಲ್ ಇರುವವರನ್ನು ಮಾತ್ರ ಬೇರೆಯಾಗಿ ನೋಡಿಕೊಳ್ಳಬೇಕು, ಮೇಲಿನ ಹೋಲಿಕೆ ಅವರನ್ನು ಬಿಟ್ಟುಬಿಡುತ್ತದೆ.

ವಿಂಗಡಣೆ ನಿಧಾನ. ಇಂಡೆಕ್ಸ್ ಹಾಕಿದರೂ ವೇಗವಾಗಲಿಲ್ಲ.

ಇಂಡೆಕ್ಸ್ ನಿಮ್ಮ ಕ್ವೆರಿಯ ಆಕಾರಕ್ಕೆ ಹೊಂದಬೇಕು. ಮಂಡ್ಯ ಜಿಲ್ಲೆಯವರನ್ನು ಅಂಕದ ಕ್ರಮದಲ್ಲಿ ಕೇಳುವುದಾದರೆ ಜಿಲ್ಲೆ ಮತ್ತು ಅಂಕ ಎರಡೂ ಅದೇ ಅನುಕ್ರಮದಲ್ಲಿರುವ ಒಂದು ಇಂಡೆಕ್ಸ್ ಬೇಕು. ಬೇರೆ ಬೇರೆ ಎರಡು ಇಂಡೆಕ್ಸ್‌ಗಳಿಂದ ಆ ಕೆಲಸ ಆಗುವುದಿಲ್ಲ. ಮಂಡ್ಯ ಮತ್ತು ಹಾಸನ ಎರಡನ್ನೂ ಕೇಳಿದರೆ ಒಂದೊಂದು ಜಿಲ್ಲೆಯೊಳಗೆ ಕ್ರಮ ಇರುತ್ತದೆ, ಎರಡನ್ನು ಬೆರೆಸಿದಾಗ ಇರುವುದಿಲ್ಲ, ಮತ್ತೆ ವಿಂಗಡಿಸಲೇಬೇಕು. ಒಂದೇ ಕಾಲಂನ ಇಂಡೆಕ್ಸನ್ನು ಹಿಂದಿನಿಂದಲೂ ಓದಬಹುದು. ಆದರೆ ಒಂದು ಕಾಲಂ ಏರಿಕೆ, ಇನ್ನೊಂದು ಇಳಿಕೆ ಎಂದಾಗ ಇಂಡೆಕ್ಸನ್ನೂ ಹಾಗೆಯೇ ಕಟ್ಟಬೇಕು. ಮೈಎಸ್‌ಕ್ಯುಎಲ್ 8.0ಕ್ಕಿಂತ ಮೊದಲು ಇಂಡೆಕ್ಸ್‌ನಲ್ಲಿ ಡೆಸ್ಕ್ ಬರೆದರೆ ಓದಿಕೊಂಡು ಸುಮ್ಮನಿರುತ್ತಿತ್ತು, ನಿಜವಾದ ಇಳಿಕೆಯ ಇಂಡೆಕ್ಸ್ ಬಂದದ್ದು ಆಮೇಲೆಯೇ.

ಸುಲಭವಾಗಿ ತಪ್ಪುವ ಎರಡು ಸೂಕ್ಷ್ಮಗಳಿವೆ. ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಇಂಡೆಕ್ಸನ್ನು ಹಿಂದಿನಿಂದ ಓದಿದರೆ ನಲ್ ಮೊದಲು ಬರುತ್ತದೆ. ನೀವು ಡೆಸ್ಕ್ ನಲ್ಸ್ ಲಾಸ್ಟ್ ಕೇಳಿದ್ದರೆ ಅದು ಉಪಯೋಗಕ್ಕೆ ಬಾರದು, ಇಂಡೆಕ್ಸನ್ನೂ ಡೆಸ್ಕ್ ನಲ್ಸ್ ಲಾಸ್ಟ್ ಎಂದೇ ಕಟ್ಟಿ. ಹಾಗೆಯೇ ಕನ್ನಡದ ಕೊಲೇಷನ್ ಕೇಳುವ ಕ್ವೆರಿಗೆ ಅದೇ ಕೊಲೇಷನ್‌ನ ಇಂಡೆಕ್ಸೇ ಬೇಕು.

ಕ್ವೆರಿ ನಡೆಯುವ ದಾರಿಯನ್ನು ತೋರಿಸುವ ಎಕ್ಸ್‌ಪ್ಲೇನ್ ಓದುವುದನ್ನು ರೂಢಿಸಿಕೊಳ್ಳಿ. ಪೋಸ್ಟ್‌ಗ್ರೆಸ್‌ನಲ್ಲಿ ‘ಎಕ್ಸ್‌ಟರ್ನಲ್ ಮರ್ಜ್’ ಎಂದು ಕಂಡರೆ ಮೆಮೊರಿ ಸಾಲದೆ ಡಿಸ್ಕಿಗೆ ಬರೆದು ವಿಂಗಡಿಸಿದೆ ಎಂದರ್ಥ. ಅಲ್ಲಿ ವರ್ಕ್ ಮೆಮ್ ಎಂಬ ಮಿತಿ ತಾನಾಗಿ ಇರುವುದು 4 ಎಂಬಿ ಮಾತ್ರ. ಒಂದು ಸೆಷನ್‌ಗೆ ಹೆಚ್ಚಿಸಿ ನೋಡಿ. ಇಡೀ ಸರ್ವರ್‌ಗೆ ಒಮ್ಮೆಲೇ ಏರಿಸಿದರೆ ಪ್ರತಿ ಕ್ವೆರಿಯ ಪ್ರತಿ ವಿಂಗಡಣೆಯೂ ಅಷ್ಟಷ್ಟು ಕೇಳಬಹುದು. ಮೈಎಸ್‌ಕ್ಯುಎಲ್‌ನ ‘ಯೂಸಿಂಗ್ ಫೈಲ್‌ಸಾರ್ಟ್’ ನೋಡಿ ಗಾಬರಿಯಾಗಬೇಕಿಲ್ಲ, ಇಂಡೆಕ್ಸ್ ಬಳಸದೆ ವಿಂಗಡಿಸಿತು ಎಂದಷ್ಟೇ ಅದರ ಅರ್ಥ, ಫೈಲ್ ಬಳಸಿರಲೇಬೇಕೆಂದಿಲ್ಲ. ಲಿಮಿಟ್ 10 ಇದ್ದರೆ ಎರಡೂ ವ್ಯವಸ್ಥೆಗಳು ಉತ್ತಮ ಹತ್ತನ್ನು ಮಾತ್ರ ಕೈಯಲ್ಲಿಟ್ಟುಕೊಂಡು ಉಳಿದದ್ದನ್ನು ಬಿಡುತ್ತಾ ಹೋಗಬಲ್ಲವು. ಬೇಕಾದದ್ದು ಹತ್ತೇ ಆಗಿದ್ದರೆ ಹತ್ತೇ ಕೇಳಿ.

ಯಾವ ಕಾಲಂ ಮೇಲೆ ವಿಂಗಡಿಸಬೇಕೆಂದು ಬಳಕೆದಾರರೇ ಆರಿಸಬೇಕು. ಪ್ಯಾರಾಮೀಟರ್ ಕೊಟ್ಟರೆ ಕ್ರಮವೇ ಬದಲಾಗುವುದಿಲ್ಲ.

ಪ್ಯಾರಾಮೀಟರ್ ಮೂಲಕ ಹೋಗುವುದು ಮೌಲ್ಯ ಮಾತ್ರ, ಕಾಲಂನ ಹೆಸರು ಹೋಗದು. ನೀವು ಕಳಿಸಿದ ‘ಅಂಕ’ ಎಂಬುದು ಒಂದು ಪದವಾಗಿ ಎಲ್ಲ ಸಾಲಿಗೂ ಒಂದೇ ಆಗಿಬಿಡುತ್ತದೆ, ಒಂದೇ ಬೆಲೆಯ ಮೇಲೆ ವಿಂಗಡಿಸಲು ಏನೂ ಉಳಿಯುವುದಿಲ್ಲ. ಇದಕ್ಕೆ ಬೇಸತ್ತು ಬಳಕೆದಾರರು ಕಳಿಸಿದ ಪಠ್ಯವನ್ನು ಕ್ವೆರಿಗೆ ನೇರವಾಗಿ ಅಂಟಿಸುತ್ತಾರೆ, ಕ್ವೆರಿಯೊಳಗೆ ಬೇರೆ ಆಜ್ಞೆ ನುಸುಳಿಸುವ ಎಸ್‌ಕ್ಯುಎಲ್ ಇಂಜೆಕ್ಷನ್ ದಾಳಿಗೆ ಬಾಗಿಲು ತೆರೆಯುವುದು ಅಲ್ಲಿಯೇ. ಅನುಮತಿಸಿದ ಕಾಲಂಗಳ ಪಟ್ಟಿಯೊಂದನ್ನು ಪ್ರೋಗ್ರಾಮಿನಲ್ಲಿಟ್ಟು, ಬಂದ ಆಯ್ಕೆ ಅದರಲ್ಲಿದ್ದರೆ ನೀವೇ ಬರೆದಿಟ್ಟ ಹೆಸರನ್ನು ಸೇರಿಸಿ. ಇಲ್ಲದಿದ್ದರೆ ಮೊದಲೇ ನಿಶ್ಚಯಿಸಿದ ಕ್ರಮಕ್ಕೆ ಹೋಗಿ. ಏರಿಕೆ, ಇಳಿಕೆಗೂ ಇದೇ ನಿಯಮ.

ಡೇಟಾಬೇಸಿನಲ್ಲಿ ವಿಂಗಡಿಸಬೇಕೇ, ಪ್ರೋಗ್ರಾಮಿನಲ್ಲಿಯೇ?

ಲಿಮಿಟ್ ಇದ್ದರೆ ಡೇಟಾಬೇಸಿನಲ್ಲೇ ಆಗಬೇಕು. 20 ಸಾಲು ತಂದ ಮೇಲೆ ಅವನ್ನು ಹೇಗೆ ಜೋಡಿಸಿದರೂ ಅವು ಸರಿಯಾದ 20 ಆಗುವುದಿಲ್ಲ. ಇಡೀ ಪಟ್ಟಿ ಚಿಕ್ಕದಾಗಿದ್ದು, ಪರದೆಯ ಮೇಲೆ ಕಾಲಂ ಒತ್ತಿದಾಗೆಲ್ಲ ಕ್ರಮ ಬದಲಾಗಬೇಕಿದ್ದರೆ ಪ್ರೋಗ್ರಾಮಿನಲ್ಲಿ ಮಾಡುವುದು ಒಳ್ಳೆಯದು. ಆಗ ಕನ್ನಡದ ಹೆಸರುಗಳಿಗೆ ಅಲ್ಲಿಯೂ ಭಾಷೆಯನ್ನು ಹೇಳಿ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಾರ್ಟ್ ಅಕ್ಷರದ ಸಂಖ್ಯೆಯನ್ನೇ ನೋಡುತ್ತದೆ, ಮಳವಳ್ಳಿ ಮತ್ತೆ ಮಸ್ಕಿಗಿಂತ ಮುಂದೆ ಬರುತ್ತದೆ. ಇಂಟಲ್ ಕೊಲೇಟರ್‌ಗೆ ಕೆಎನ್ ಎಂದು ಕೊಟ್ಟು ಹೋಲಿಸಿದರೆ ಸರಿಹೋಗುತ್ತದೆ. ಪೈಥಾನ್‌ನ ಸಾರ್ಟೆಡ್ ಕೂಡ ಸಂಖ್ಯೆಯ ಕ್ರಮವನ್ನೇ ಕೊಡುತ್ತದೆ, ಅಲ್ಲಿ ಐಸಿಯು ಆಧಾರಿತ ಪ್ಯಾಕೇಜ್ ಬಳಸಿ. ಡೇಟಾಬೇಸ್ ಒಂದು ನಿಯಮದಲ್ಲಿ, ಪ್ರೋಗ್ರಾಂ ಇನ್ನೊಂದು ನಿಯಮದಲ್ಲಿ ವಿಂಗಡಿಸಿದರೆ ಪುಟದಿಂದ ಪುಟಕ್ಕೆ ಕ್ರಮ ತಪ್ಪುತ್ತದೆ. ಆದ್ದರಿಂದ ಎರಡೂ ಕಡೆ ಒಂದೇ ಕೊಲೇಷನ್ ಇರಲಿ.